ಪೊಲೀಸರ ಎದುರು ನಿಂತಾಗ ಹದಿಹರೆಯದವರಿಗೆ ಗೊತ್ತಿರಬೇಕಾದ ಕಾನೂನು

ಪೊಲೀಸರು ಹಿಡಿದು ನಿಲ್ಲಿಸಿದರೆ ಹೇಗೆ ನಡೆದುಕೊಳ್ಳಬೇಕು ಎಂದು ಪಿಯು ಓದುವ ಮಕ್ಕಳಿಗೆ ಎರಡು ಕಡೆಯಿಂದ ಪಾಠವಾಗುತ್ತದೆ. ಮನೆಯವರು "ಅವರು ಹೇಳಿದ್ದಕ್ಕೆಲ್ಲ ಹೂಂ ಅಂದು, ತೋರಿಸಿದ ಕಡೆ ಸೈನ್ ಹಾಕಿ ಬಂದುಬಿಡು" ಅನ್ನುತ್ತಾರೆ. ಮೊಬೈಲಿನ ರೀಲ್ಸ್ "ವಾರಂಟ್ ಎಲ್ಲಿ ಅಂತ ಕೇಳು, ಬಾಯೇ ಬಿಡಬೇಡ" ಅನ್ನುತ್ತವೆ. ಎರಡೂ ಮಕ್ಕಳನ್ನು ತೊಂದರೆಗೆ ನೂಕುವ ಮಾತುಗಳು. ಮೊದಲನೆಯದನ್ನು ಪಾಲಿಸಿದವನು ತಾನು ಮಾಡದ ತಪ್ಪಿಗೂ ಸಹಿ ಹಾಕಿ ಬರುತ್ತಾನೆ. ಎರಡನೆಯದನ್ನು ನಂಬಿದವನು ಹೆಸರು ಕೇಳಿದ್ದಕ್ಕೂ ಜಗಳಕ್ಕೆ ನಿಂತು, ಐದು ನಿಮಿಷದಲ್ಲಿ ಮುಗಿಯುತ್ತಿದ್ದ ಮಾತನ್ನು ಠಾಣೆಯವರೆಗೆ ಎಳೆದುಕೊಂಡು ಹೋಗುತ್ತಾನೆ. ರೀಲ್ಸ್‌ಗಳಲ್ಲಿ ಬರುವುದರಲ್ಲಿ ಅರ್ಧ ಅಮೆರಿಕದ ಕಾನೂನು. ಅದು ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ 18 ವರ್ಷ ತುಂಬದವರಿಗೆ ಪ್ರತ್ಯೇಕ ಕಾನೂನೇ ಇದೆ. ಅದು ಬಾಲ ನ್ಯಾಯ ಕಾಯ್ದೆ 2015. ಜಾರಿಗೆ ಬಂದದ್ದು 2016ರ ಜನವರಿ 15ರಂದು. ಕಳ್ಳತನ, ಹೊಡೆದಾಟ, ಗಾಂಜಾ, ಕಾಡಿನ ಕೇಸು, ಹೀಗೆ ಯಾವ ಕಾನೂನಿನಡಿ ಹಿಡಿದರೂ ಮಗುವನ್ನು ನಡೆಸಿಕೊಳ್ಳಬೇಕಾದದ್ದು ಈ ಕಾಯ್ದೆಯಂತೆ. ಅದರ ಜೊತೆಗೆ 2016ರ ಮಾದರಿ ನಿಯಮಗಳಿವೆ. ಠಾಣೆಯಲ್ಲಿ ಏನು ಮಾಡಬಾರದು ಎಂಬುದನ್ನು ಒಂದೊಂದಾಗಿ ಬರೆದಿರುವುದು ಅಲ್ಲೇ. 18 ತುಂಬಿದ ಮೇಲೆ ನಡೆಯುವ ತಪ್ಪಿಗೆ ಈ ರಕ್ಷಣೆ ಇಲ್ಲ. ಅಲ್ಲಿಂದ ಮುಂದೆ ದೊಡ್ಡವರ ಕಾನೂನು, ಅಂದರೆ 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಒಂದೇ ತರಗತಿಯಲ್ಲಿ ಕೂರುವ ಇಬ್ಬರು ಗೆಳೆಯರಲ್ಲಿ ಒಬ್ಬನಿಗೆ ಒಂದು ಕಾನೂನು, ಇನ್ನೊಬ್ಬನಿಗೆ ಇನ್ನೊಂದು ಆಗಬಹುದು. ಇದನ್ನು ಮಕ್ಕಳಿಗೆ ಮೊದಲು ಹೇಳಬೇಕು.

ಆಮೇಲೆ ಕಲಿಸಬೇಕಾದದ್ದು, ತಾನೀಗ ಯಾವ ಸ್ಥಿತಿಯಲ್ಲಿದ್ದೇನೆ ಎಂದು ಗುರುತಿಸುವುದು. ರಸ್ತೆಯಲ್ಲಿ ನಿಲ್ಲಿಸಿ ಮಾತಾಡಿಸುವುದು ಬೇರೆ, ಠಾಣೆಗೆ ಬಾ ಎಂದು ಕರೆಸುವುದು ಬೇರೆ, ವಶಕ್ಕೆ ತೆಗೆದುಕೊಳ್ಳುವುದು ಬೇರೆ. ಮೂರಕ್ಕೂ ನಿಯಮ ಬೇರೆ ಬೇರೆ. ಯಾವುದೆಂದು ಗೊತ್ತಾಗದಿದ್ದರೆ ಕೇಳಬಹುದು: "ಸರ್, ನಾನಿನ್ನು ಮನೆಗೆ ಹೋಗಬಹುದಾ?" ಇದರಲ್ಲಿ ಉದ್ಧಟತನ ಇಲ್ಲ, ಆದರೂ ಉತ್ತರ ಬಂದೇ ಬರುತ್ತದೆ. ಹೋಗು ಎಂದರೆ ಹೋಗಬೇಕು. ಇಲ್ಲ ಎಂದರೆ ಅಲ್ಲಿಂದ ಮುಂದಿನ ನಿಯಮಗಳು ಶುರುವಾದವು ಎಂದು ಅರ್ಥ.

ರಸ್ತೆಯಲ್ಲಿ

ಸವಳಂಗ ರಸ್ತೆಯಲ್ಲೋ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲೋ ಬೀಟ್ ಪೊಲೀಸರು "ಏ ತಮ್ಮ, ಎಲ್ಲಿಂದ, ಎಲ್ಲಿಗೆ?" ಎಂದು ಕೇಳಿದರೆ ಹೆಸರು, ಊರು, ಓದುವ ಕಾಲೇಜು ಹೇಳಬೇಕು. ಸುಳ್ಳು ಹೆಸರು ಹೇಳಬಾರದು. ಪೊಲೀಸರ ಕಣ್ಣೆದುರಿಗೇ ಸಣ್ಣ ಅಪರಾಧ ಮಾಡಿ, ಹೆಸರು ವಿಳಾಸ ಹೇಳಲು ಒಪ್ಪದವರನ್ನು ಅದನ್ನು ಖಚಿತಪಡಿಸಿಕೊಳ್ಳುವುದಕ್ಕಾಗಿಯೇ ಹಿಡಿಯಲು ಸಂಹಿತೆಯ ಕಲಂ 39 ಅವಕಾಶ ಕೊಡುತ್ತದೆ. ಓಡುವುದಂತೂ ಬೇಡವೇ ಬೇಡ. ಏನೂ ಮಾಡದ ಹುಡುಗನೂ ಹೆದರಿ ಓಡಿದರೆ ಅನುಮಾನಕ್ಕೆ ಕಾರಣ ಒದಗಿಸಿದ ಹಾಗಾಗುತ್ತದೆ. ತಳ್ಳಾಟವೂ ಬೇಡ. ಕರ್ತವ್ಯದಲ್ಲಿದ್ದವರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 132ರಡಿ ಎರಡು ವರ್ಷದವರೆಗೆ ಶಿಕ್ಷೆಯ ಹೊಸ ಕೇಸೇ ಬೀಳುತ್ತದೆ. ಮೂಲ ವಿಷಯ ಏನೂ ಇಲ್ಲದಿದ್ದರೂ ಈ ಕೇಸು ಉಳಿದುಕೊಳ್ಳುತ್ತದೆ.

ಬೈಕ್ ವಿಷಯದಲ್ಲಿ ಮಕ್ಕಳಿಗೆ ಸುಳ್ಳು ಧೈರ್ಯ ತುಂಬಬಾರದು. ಗೇರ್ ಇರುವ ಬೈಕ್ ಓಡಿಸಲು 18 ತುಂಬಿರಲೇಬೇಕು. 16 ತುಂಬಿದವರಿಗೆ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಮಾತ್ರ. ಮನೆಯಲ್ಲಿರುವ ಸ್ಕೂಟಿ ಸಾಮಾನ್ಯವಾಗಿ 100 ಸಿಸಿ ಮೇಲಿನದೇ ಆಗಿರುವುದರಿಂದ ಅದಕ್ಕೆ ಈ ಲೈಸೆನ್ಸ್ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಪ್ರಕಾರ ಅಪ್ರಾಪ್ತನ ಕೈಗೆ ಗಾಡಿ ಕೊಟ್ಟ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ಹಳ್ಳಿಯಿಂದ ಕಾಲೇಜಿಗೆ ಬಸ್ ಇಲ್ಲ ಎಂಬ ಕಷ್ಟ ಮಲೆನಾಡಿನಲ್ಲಿ ನಿಜವೇ. ಕೋರ್ಟ್ ಮಾತ್ರ ಅದನ್ನು ಉತ್ತರವೆಂದು ಒಪ್ಪುವುದಿಲ್ಲ.

ಲೈಸೆನ್ಸ್ ಇರುವವರು ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ದಾಖಲೆ ತೋರಿಸಿದರೆ ಸಾಕು, ಕೇಂದ್ರ ಮೋಟಾರು ವಾಹನ ನಿಯಮ 139 ಅದನ್ನು ಒಪ್ಪುತ್ತದೆ. ಆದರೆ ಹೊಸನಗರ, ಕಾರ್ಗಲ್, ಆಗುಂಬೆ ಕಡೆ ನೆಟ್‌ವರ್ಕ್ ನಂಬಿ ಹೊರಡುವಂತಿಲ್ಲ. ಮೂಲ ಕಾರ್ಡ್ ಜೇಬಿನಲ್ಲಿರಲಿ. ದಂಡ ಕಟ್ಟಿದರೆ ರಸೀದಿ ಪಡೆಯಲೇಬೇಕು. ರಸೀದಿ ಇಲ್ಲದೆ ಕೊಟ್ಟ ಹಣ ದಂಡವಲ್ಲ.

ಮೈ ತಡಕುವುದು, ಬ್ಯಾಗ್ ನೋಡುವುದು ಹೆಚ್ಚಾಗಿ ಗಾಂಜಾ ಅನುಮಾನದಿಂದ. ಮಾದಕ ವಸ್ತು ಕಾಯ್ದೆಯ ಕಲಂ 50 ಪ್ರಕಾರ, ಮೈ ಶೋಧಿಸುವ ಮೊದಲು "ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧ ನಡೆಯಲಿ ಎಂದು ಕೇಳುವ ಹಕ್ಕು ನಿನಗಿದೆ" ಎಂದು ಪೊಲೀಸರೇ ತಿಳಿಸಬೇಕು. ಈ ಹಕ್ಕು ಮೈ ಮೇಲಿನ ಶೋಧಕ್ಕೆ, ಕೈಯಲ್ಲಿರುವ ಬ್ಯಾಗಿಗೆ ಅಲ್ಲ. ಹುಡುಗಿಯರನ್ನು ಮಹಿಳಾ ಸಿಬ್ಬಂದಿಯೇ ಶೋಧಿಸಬೇಕು. ಕಾನೂನಿಗಿಂತ ಮೊದಲು ಹೇಳಬೇಕಾದ ಮಾತೂ ಒಂದಿದೆ: ಒಳಗೇನಿದೆ ಎಂದು ಗೊತ್ತಿಲ್ಲದ ಪೊಟ್ಟಣವನ್ನು ಗೆಳೆಯ ಕೊಟ್ಟರೂ ಹಿಡಿಯಬೇಡ, ಬಸ್ಸಿನಲ್ಲಿ ಬೇರೆಯವರ ಬ್ಯಾಗ್ ತೊಡೆಯ ಮೇಲೆ ಇಟ್ಟುಕೊಳ್ಳಬೇಡ.

ಮೊಬೈಲ್ ತೆಗೆದು ತೋರಿಸು ಎಂದರೆ? ಇಲ್ಲಿ ನಮ್ಮ ಹೈಕೋರ್ಟಿನದ್ದೇ ತೀರ್ಪು ಇದೆ. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ಫೋನಿನೊಳಗಿನದ್ದನ್ನು ಶೋಧಿಸಲು ಸರ್ಚ್ ವಾರಂಟ್ ಬೇಕು, ತುರ್ತು ಸಂದರ್ಭವಾದರೆ ಕಾರಣ ಬರೆದಿಟ್ಟು ಶೋಧಿಸಬಹುದು ಎಂದಿತು. ಹಾಗಾಗಿ ರಸ್ತೆ ಬದಿಯಲ್ಲಿ ವಾಟ್ಸ್‌ಆ್ಯಪ್ ತೆರೆಸಿ ಓದುವುದು ನಿಯಮವಲ್ಲ. "ಸರ್, ಅಪ್ಪ ಬಂದ ಮೇಲೆ ತೋರಿಸ್ತೀನಿ" ಎಂದು ಹುಡುಗ ಹೇಳಬಹುದು. ಕೈಯಿಂದ ಕಸಿದರೆ ಹಿಡಿದೆಳೆಯುವುದು ಬೇಡ, ಮೆಸೇಜ್ ಅಳಿಸುವುದೂ ಬೇಡ. ಅಳಿಸಿದ್ದು ಸಾಕ್ಷ್ಯ ನಾಶದ ಆರೋಪಕ್ಕೆ ದಾರಿ ಮಾಡುತ್ತದೆ.

"ಸ್ಟೇಷನ್‌ಗೆ ಬಂದು ಹೋಗು"

ಹಳ್ಳಿ ಕಡೆ ಬಹಳ ಪ್ರಕರಣಗಳು ಶುರುವಾಗುವುದು ಒಂದು ಫೋನ್ ಕರೆಯಿಂದ. "ಸಾಹೇಬ್ರು ಕರೀತಿದ್ದಾರೆ, ಹುಡುಗನ್ನ ಕಳ್ಸಿ." ಅಪ್ಪ ತೋಟದಲ್ಲಿ, ಅಮ್ಮ ಒಬ್ಬರೇ ಮನೆಯಲ್ಲಿ. ಹುಡುಗ ಒಬ್ಬನೇ ಬಸ್ ಹತ್ತಿ ಹೋಗುತ್ತಾನೆ. ತಡೆಯಬೇಕಾದದ್ದು ಇದನ್ನೇ.

ಸಾಕ್ಷಿಯಾಗಿ ಕರೆಸುವುದಾದರೆ ಸುರಕ್ಷಾ ಸಂಹಿತೆಯ ಕಲಂ 179 ಪ್ರಕಾರ ಬರವಣಿಗೆಯ ಆದೇಶ ಬೇಕು. 15 ವರ್ಷದೊಳಗಿನ ಹುಡುಗರನ್ನು, ಯಾವುದೇ ವಯಸ್ಸಿನ ಹೆಣ್ಣುಮಕ್ಕಳನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಬರಲೇಬೇಕು ಎಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬಂದು ಕೇಳಬೇಕು. 16, 17ರ ಹುಡುಗರನ್ನು ಕರೆಸಬಹುದು, ಆದರೆ ಈ ಕಲಂನಡಿ ಅಧಿಕಾರಿ ಕರೆಸಬಹುದಾದದ್ದು ತನ್ನ ಠಾಣೆ ಅಥವಾ ಪಕ್ಕದ ಠಾಣೆಯ ವ್ಯಾಪ್ತಿಯಲ್ಲಿರುವವರನ್ನು ಮಾತ್ರ. ತೀರ್ಥಹಳ್ಳಿಯ ಹುಡುಗನನ್ನು ಭದ್ರಾವತಿ ಠಾಣೆಗೆ ಎಳೆಸಲು ಅದು ಸಾಲದು. ಫೋನ್ ಬಂದಾಗ ಮನೆಯವರು ಕೇಳಬೇಕಾದದ್ದು ಇಷ್ಟು: ಕರೆ ಮಾಡಿದವರ ಹೆಸರೇನು, ಯಾವ ಠಾಣೆ, ಯಾವ ವಿಷಯ, ಸಾಕ್ಷಿಯಾಗಿ ಕರೆಯುತ್ತಿದ್ದೀರಾ ಅಥವಾ ಆರೋಪಿಯೆಂದೇ, ನೋಟಿಸ್ ವಾಟ್ಸ್‌ಆ್ಯಪ್ ಮಾಡುತ್ತೀರಾ. "ಬರೋದಿಲ್ಲ" ಎನ್ನಬೇಡಿ. "ನೋಟಿಸ್ ಕೊಡಿ ಸರ್, ನಾಳೆ ಬೆಳಿಗ್ಗೆ ನಾನೇ ಕರೆದುಕೊಂಡು ಬರ್ತೀನಿ" ಅನ್ನಿ. ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಲಿ, ಹಗಲಲ್ಲೇ ಹೋಗಿ, ಒಳಗೆ ಹೋದ ಹೊತ್ತು ಬರೆದಿಟ್ಟುಕೊಳ್ಳಿ.

ವಶಕ್ಕೆ ತೆಗೆದುಕೊಂಡ ಮೇಲೆ

ಬಾಲ ನ್ಯಾಯ ಕಾಯ್ದೆ ಅಪರಾಧಗಳನ್ನು ಮೂರು ದರ್ಜೆ ಮಾಡಿದೆ. ಗರಿಷ್ಠ ಶಿಕ್ಷೆ ಮೂರು ವರ್ಷದವರೆಗೆ ಇದ್ದರೆ ಸಣ್ಣದು, ಅದಕ್ಕಿಂತ ಹೆಚ್ಚಿದ್ದರೆ ಗಂಭೀರ, ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಹೆಚ್ಚಿದ್ದರೆ ಘೋರ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಕದ್ದ ಆರೋಪ ಸಣ್ಣದರಲ್ಲಿ ಬರುತ್ತದೆ. ಅದೇ ಅಡಿಕೆಯನ್ನು ಮನೆ ಅಥವಾ ಗೋದಾಮಿನೊಳಗಿಂದ ಕದ್ದರೆ ಶಿಕ್ಷೆ ಏಳು ವರ್ಷದವರೆಗೆ ಹೋಗುವುದರಿಂದ ಗಂಭೀರವಾಗುತ್ತದೆ. ಒಂದು ಕಿಲೋ ಒಳಗಿನ ಗಾಂಜಾ ಇಟ್ಟುಕೊಂಡ ಆರೋಪದ ಗರಿಷ್ಠ ಶಿಕ್ಷೆ ಒಂದು ವರ್ಷ, ಹಾಗಾಗಿ ಸಣ್ಣದು.

ಈ ದರ್ಜೆ ಯಾಕೆ ಮುಖ್ಯ ಎಂದರೆ, ಮಾದರಿ ನಿಯಮ 8ರ ಪ್ರಕಾರ ಘೋರ ಅಪರಾಧದ ಆರೋಪ ಇದ್ದರೆ, ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ ಆರೋಪ ಇದ್ದರೆ ಮಾತ್ರ ಮಗುವಿನ ಮೇಲೆ ಎಫ್‌ಐಆರ್. ಉಳಿದವುಗಳಲ್ಲಿ ಠಾಣಾ ದಿನಚರಿಯಲ್ಲಿ ನಮೂದಿಸಿ, ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಬರೆದು, ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು. ಮಂಡಳಿಯ ಮುಂದೆ ಯಾವತ್ತು ಬರಬೇಕೆಂದು ಮನೆಯವರಿಗೆ ತಿಳಿಸಬೇಕು. ಮಗುವಿನ ಹಿತಕ್ಕೆ ಬೇಕೇ ಬೇಕು ಎಂದಾಗ ಹೊರತು ಸಣ್ಣ, ಗಂಭೀರ ಪ್ರಕರಣಗಳಲ್ಲಿ ಹಿಡಿದಿಡುವ ಅಗತ್ಯವೇ ಇಲ್ಲ. ಇದು ಪೋಷಕರಿಗೆ ಮಾತ್ರವಲ್ಲ, ಹಲವು ವಕೀಲರಿಗೂ ತಟ್ಟನೆ ನೆನಪಾಗದ ನಿಯಮ. "ಎಫ್‌ಐಆರ್ ಹಾಕ್ತೀವಿ, ಲೈಫು ಹಾಳಾಗುತ್ತೆ" ಎಂದು ಹೆದರಿಸಿದಾಗ ಇದೊಂದು ಗೊತ್ತಿದ್ದರೆ ಅಪ್ಪ ಅಮ್ಮ ದುಡುಕಿ ಯಾರಿಗೋ ಹಣ ಕೊಡಲು ಹೋಗುವುದಿಲ್ಲ.

ವಶಕ್ಕೆ ತೆಗೆದುಕೊಂಡರೆ ಮಗುವನ್ನು ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಸುಪರ್ದಿಗೆ ಒಪ್ಪಿಸಬೇಕು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಈ ಹೊಣೆಯಲ್ಲಿರಬೇಕು. ಜಿಲ್ಲೆಗೊಂದು ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು, ಅದರ ಮುಖ್ಯಸ್ಥರು ಡಿವೈಎಸ್‌ಪಿ ದರ್ಜೆಯವರಾದರೂ ಆಗಿರಬೇಕು. ಠಾಣೆಗೆ ಓಡಿದ ಪೋಷಕರು ರೈಟರ್ ಹತ್ತಿರ ವಾದಕ್ಕೆ ನಿಲ್ಲುವ ಬದಲು "ಇಲ್ಲಿನ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು, ಅವರನ್ನು ನೋಡಬೇಕು" ಎಂದು ಕೇಳಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಮಗುವಿನ ಎದುರು ಆ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು.

ಇನ್ನು ಮಾಡಬಾರದ್ದು. ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗಂತೂ ಇಲ್ಲವೇ ಇಲ್ಲ. ಬೇಡಿ, ಸರಪಳಿ ತೊಡಿಸುವಂತಿಲ್ಲ. ಹೊಡೆಯುವಂತಿಲ್ಲ. ತಪ್ಪೊಪ್ಪಿಕೊ ಎಂದು ಒತ್ತಾಯಿಸುವಂತಿಲ್ಲ. ಪ್ರಶ್ನೆ ಕೇಳುವುದು ಮಕ್ಕಳಿಗೆಂದೇ ಇಟ್ಟ, ಠಾಣೆಯಂತೆ ಕಾಣದ ಜಾಗದಲ್ಲಿ ಆಗಬೇಕು, ಅಪ್ಪ ಅಮ್ಮ ಹತ್ತಿರ ಕೂರಬಹುದು. ಯಾವ ಹೇಳಿಕೆಗೂ ಮಗುವಿನ ಸಹಿ ಕೇಳುವಂತಿಲ್ಲ. ಈ ಕೊನೆಯದನ್ನು ನಾವು ಒತ್ತಿ ಹೇಳುತ್ತೇವೆ, ಯಾಕೆಂದರೆ ಹೆಚ್ಚು ಕೆಡುವುದು ಇಲ್ಲೇ. ಖಾಲಿ ಹಾಳೆ, ಅರ್ಧ ತುಂಬಿದ ಮಹಜರು, "ಬರೀ ಮುಚ್ಚಳಿಕೆ, ಸೈನ್ ಹಾಕಿ ಹೋಗು" ಎಂಬ ಕಾಗದ, ಇವೆಲ್ಲ ಮುಂದೆ ಎಲ್ಲಿ ಹೊರಬರುತ್ತವೆಂದು ಆ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ ಎಂದು ಸಾಕ್ಷ್ಯ ಅಧಿನಿಯಮದ ಕಲಂ 23 ಹೇಳುತ್ತದೆ, ನಿಜ. ಆದರೆ ಹಾಗೆ ಹೇಳಿಕೆ ಕೊಟ್ಟು ತೋರಿಸಿದ ವಸ್ತು ಸಿಕ್ಕರೆ, ಅದಕ್ಕೆ ಸಂಬಂಧಿಸಿದ ಭಾಗ ಸಾಕ್ಷ್ಯವಾಗುತ್ತದೆ. ಆದ್ದರಿಂದ "ಹೇಗೂ ನಡೆಯೋದಿಲ್ಲ, ಹೇಳಿಬಿಡು" ಎಂಬ ಸಲಹೆ ಸರಿಯಲ್ಲ.

ಮನೆಯವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಮಗುವನ್ನು ಮಂಡಳಿಯ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಈ ಲೆಕ್ಕದಲ್ಲಿ ಸೇರುವುದಿಲ್ಲ. ಆಗುಂಬೆಯಿಂದ ಶಿವಮೊಗ್ಗಕ್ಕೆ ಸುಮಾರು 90 ಕಿ.ಮೀ. ಮಳೆಗಾಲದಲ್ಲೂ ಅದು ಕೆಲವು ಗಂಟೆಯ ದಾರಿಯೇ ಹೊರತು ಒಂದು ದಿನದ್ದಲ್ಲ. ಭಾನುವಾರ, ಎರಡನೇ ಶನಿವಾರ ಎಂಬುದೂ ಕಾರಣವಾಗದು. ಮಂಡಳಿ ಕೂತಿಲ್ಲದಾಗ ಅದರ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಬಹುದು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರು ಮಹಿಳೆ.

ಜಾಮೀನು ಮಕ್ಕಳಿಗೆ ನಿಯಮ, ನಿರಾಕರಣೆ ಅಪವಾದ. ದೊಡ್ಡವರಿಗೆ ಜಾಮೀನುರಹಿತ ಎನಿಸಿದ ಕಲಂ ಹಾಕಿದ್ದರೂ ಕಾಯ್ದೆಯ ಕಲಂ 12 ಪ್ರಕಾರ ಬಿಡಬೇಕು, ಜಾಮೀನುದಾರರಿಲ್ಲದೆಯೂ ಬಿಡಬಹುದು. ಬಿಡದಿರಲು ಮೂರೇ ಕಾರಣ: ಹೊರಗೆ ಹೋದರೆ ಗೊತ್ತಿರುವ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶ ಕೆಡುತ್ತದೆ. ಯಾವ ಕಾರಣವೆಂದು ಬರೆದಿಡಬೇಕು. ಬಿಡದಿದ್ದರೂ ಕಳಿಸುವುದು ಮಕ್ಕಳನ್ನಷ್ಟೇ ಇರಿಸುವ ವೀಕ್ಷಣಾಲಯಕ್ಕೆ. ಮಂಡಳಿಯ ಮುಂದೆ ಪೋಷಕರು ಶಾಲೆಯ ಹಾಜರಾತಿ, ಪರೀಕ್ಷೆಯ ದಿನಾಂಕ, ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಕಾಗದದಲ್ಲಿ ತಂದರೆ ಬರೀ ಅಳುವುದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ವಕೀಲರಿಗೆ ದುಡ್ಡಿಲ್ಲ ಎಂದು ಯಾರೂ ಕೈಚೆಲ್ಲಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಕ್ಕಳಿಗೆ, ಮಹಿಳೆಯರಿಗೆ, ವಶದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. ಫೋನ್ 15100. ಮಕ್ಕಳ ಸಹಾಯವಾಣಿ 1098, ರಾತ್ರಿ ಹಗಲು ಸಿಗುತ್ತದೆ.

ಏಟು ಬಿದ್ದಿದ್ದರೆ ವೈದ್ಯರ ಎದುರು ಹೇಳಲೇಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಆಗಲಿ ತಾಲ್ಲೂಕು ಆಸ್ಪತ್ರೆಗೆ ಆಗಲಿ ಕರೆದುಕೊಂಡು ಹೋದಾಗ "ಬಿದ್ದೆ" ಎಂದು ಹೇಳಿಸಿಬಿಟ್ಟರೆ ಆಮೇಲೆ ಯಾವ ದೂರಿಗೂ ಆಧಾರ ಉಳಿಯುವುದಿಲ್ಲ. ವೈದ್ಯರಿಗೆ ಹೇಳದಿದ್ದರೆ ಮಂಡಳಿಯ ಮುಂದೆ ಹೇಳಬೇಕು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡುವ ವ್ಯವಸ್ಥೆ ಇರಬೇಕು ಎಂದು ಆದೇಶಿಸಿದೆ. ಒಳಹೋದ ಹೊತ್ತು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ದಿನ, ಗಂಟೆ ಹೇಳಿ ದೃಶ್ಯ ಉಳಿಸಿಡಿ ಎಂದು ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ಕೇಳಿದರೆ ಆ ಅರ್ಜಿಗೆ ಬೆಲೆ ಇರುತ್ತದೆ.

ವಯಸ್ಸಿನ ಕಾಗದ

ಇಷ್ಟೆಲ್ಲ ರಕ್ಷಣೆ ನಿಂತಿರುವುದು ಒಂದೇ ದಾಖಲೆಯ ಮೇಲೆ. ಬಾಲ ನ್ಯಾಯ ಕಾಯ್ದೆಯ ಕಲಂ 94 ಪ್ರಕಾರ ವಯಸ್ಸು ತೀರ್ಮಾನಿಸಲು ಮೊದಲು ನೋಡುವುದು ಶಾಲೆಯ ಜನ್ಮ ದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಾಗ ಮಾತ್ರ ಮೂಳೆಯ ಎಕ್ಸ್‌ರೇ ಪರೀಕ್ಷೆ, ಅದು ಆದೇಶವಾದ 15 ದಿನದೊಳಗೆ ಮುಗಿಯಬೇಕು. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಠಾಣೆಯಲ್ಲಿ ಎಲ್ಲರೂ ಮೊದಲು ಕೇಳುವುದು ಆಧಾರ್ ಆದರೂ, ಮನೆಯವರು ತರಬೇಕಾದದ್ದು ಶಾಲೆಯ ದಾಖಲೆ.

ಹಳ್ಳಿ ಶಾಲೆಗಳಲ್ಲಿ ಒಂದನೇ ತರಗತಿಗೆ ಸೇರಿಸುವಾಗ ವಯಸ್ಸು ಕೂಡಿಸಿ ಜೂನ್ 1 ಎಂದು ಬರೆಸಿದ ಮಕ್ಕಳು ಇಂದಿಗೂ ಇದ್ದಾರೆ. ಶಾಲೆಯ ದಾಖಲೆಗೆ ಮೊದಲ ಸ್ಥಾನ ಇರುವುದರಿಂದ, ನಿಜವಾಗಿ 17 ವರ್ಷದ ಹುಡುಗ ಕಾಗದದಲ್ಲಿ 18 ದಾಟಿಬಿಡಬಹುದು. ಇದನ್ನು ಸರಿಪಡಿಸುವ ಹೊತ್ತು ಎಸ್ಸೆಸ್ಸೆಲ್ಸಿಗೆ ಹೆಸರು ಕಳಿಸುವುದಕ್ಕೆ ಮೊದಲು. ಕೇಸು ಬಿದ್ದ ಮೇಲಲ್ಲ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು, ಹಿಡಿದ ದಿನದ್ದಲ್ಲ.

ಕಾಡಿನಂಚಿನ ಊರುಗಳಲ್ಲಿ

ಶರಾವತಿ ಕಣಿವೆ, ಭದ್ರಾ, ಕುದುರೆಮುಖದ ಸುತ್ತಲಿನ ಮಕ್ಕಳಿಗೆ ಪೊಲೀಸರಿಗಿಂತ ಹೆಚ್ಚಾಗಿ ಎದುರಾಗುವುದು ಫಾರೆಸ್ಟಿನವರು. ಕಟ್ಟಿಗೆ, ಹಂದಿಗೆ ಇಟ್ಟ ಉರುಳು, ದೊಡ್ಡವರ ಜೊತೆ ಶಿಕಾರಿಗೆ ಹೋದದ್ದು, ಅಣಬೆ ಹುಡುಕುತ್ತ ಅಭಯಾರಣ್ಯದ ಗಡಿ ದಾಟಿದ್ದು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವರಿಗೂ ಶೋಧಿಸುವ, ಹಿಡಿಯುವ ಅಧಿಕಾರವಿದೆ. ಹಿಡಿದದ್ದು 18ರೊಳಗಿನವನನ್ನಾದರೆ ಬಾಲ ನ್ಯಾಯ ಕಾಯ್ದೆಯೇ ಅನ್ವಯ: 24 ಗಂಟೆ, ಮಂಡಳಿ, ಜಾಮೀನು ಎಲ್ಲ ಹಾಗೆಯೇ. ರೇಂಜ್ ಆಫೀಸಿನಲ್ಲಿ ರಾತ್ರಿಯಿಡೀ ಕೂರಿಸುವುದಕ್ಕೆ ಬೇರೆ ಕಾನೂನು ಇಲ್ಲ. ಒಂದು ಮುಖ್ಯ ವ್ಯತ್ಯಾಸ ಇದೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ರಕ್ಷಣೆ ಅರಣ್ಯಾಧಿಕಾರಿಯ ಮುಂದೆ ಕೊಟ್ಟ ಹೇಳಿಕೆಗೂ ಸಿಗುತ್ತದೆ ಎಂದು ನಂಬಿ ಕೂರಬಾರದು. ವನ್ಯಜೀವಿ ಪ್ರಕರಣಗಳಲ್ಲಿ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ದರ್ಜೆಯವರು ಕ್ರಮದಂತೆ ದಾಖಲಿಸಿದ ಸಾಕ್ಷ್ಯವನ್ನು ಕೋರ್ಟ್ ಪರಿಗಣಿಸಬಹುದು. ಹಾಗಾಗಿ ಅಲ್ಲಿ ಹಿರಿಯರಿಲ್ಲದೆ ಏನನ್ನೂ ಬರೆದುಕೊಡದಿರುವುದು ಇನ್ನೂ ಮುಖ್ಯ.

ಗುಂಪು, ನಿಷೇಧಾಜ್ಞೆ

ಶಿವಮೊಗ್ಗ ನಗರದಲ್ಲಿ 2022ರ ಫೆಬ್ರುವರಿ, ಅದೇ ವರ್ಷದ ಆಗಸ್ಟ್, 2023ರ ಅಕ್ಟೋಬರ್‌ನಲ್ಲಿ 144 ಜಾರಿಯಾಗಿತ್ತು. ಈಗ ಆ ಆದೇಶ ಹೊರಡುವುದು ಸುರಕ್ಷಾ ಸಂಹಿತೆಯ ಕಲಂ 163ರಡಿ, ಜನರ ಬಾಯಲ್ಲಿ ಇನ್ನೂ 144. ಅಂಥ ದಿನ ಕುತೂಹಲಕ್ಕೆ ನಿಂತು ನೋಡುವ, ವಿಡಿಯೊ ಮಾಡುವ ಹುಡುಗರೇ ಹೆಚ್ಚು ಸಿಕ್ಕಿಬೀಳುವುದು. ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟದಲ್ಲಿ ಯಾರೋ ಕಲ್ಲೆಸೆದರೆ, ಕೂಟದ ಉಳಿದವರ ಮೇಲೂ ಅದೇ ಆರೋಪ ಬರಬಹುದು. "ನಾನು ಎಸೆದಿಲ್ಲ" ಎಂಬುದು ನಿಜವಾದರೂ ಸಾಬೀತಾಗಲು ವರ್ಷ ಹಿಡಿಯುತ್ತದೆ. ಚದುರಿ ಎಂದು ಮೈಕಿನಲ್ಲಿ ಹೇಳಿದ ತಕ್ಷಣ ಚದುರಬೇಕು. ದೊಡ್ಡವರೂ ಸೇರಿದ ಪ್ರಕರಣವಾದ್ದರಿಂದ ಇಲ್ಲಿ ಮಕ್ಕಳ ಹೆಸರೂ ಎಫ್‌ಐಆರ್‌ನಲ್ಲಿ ಬರುತ್ತದೆ.

18, 19 ವರ್ಷದವರು

ಇವರು ವೋಟ್ ಹಾಕುವ ವಯಸ್ಸಿನವರು, ಲಾಕಪ್ಪಿಗೂ ಹೋಗಬಹುದಾದವರು. ಹಿಡಿದರೆ ಕಾರಣವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ದಸ್ತಗಿರಿ ಪತ್ರಕ್ಕೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಆಯ್ದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು. ವೈದ್ಯಕೀಯ ತಪಾಸಣೆ ಆಗಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕಿದೆ, ಉದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ತನ್ನ ಮೇಲೆ ತಾನೇ ಸಾಕ್ಷಿ ನುಡಿಯಬೇಕಿಲ್ಲ ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಕರ್ನಾಟಕದ ಪ್ರಕರಣದಲ್ಲೇ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ದಸ್ತಗಿರಿ ಮಾಡಬೇಕಾದರೆ ವಿಶೇಷ ಕಾರಣ ಇರಬೇಕು, ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು.

ಈ ವಯಸ್ಸಿನ ಹುಡುಗರಿಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಲೇಬೇಕು. ಹುಡುಗಿಗೆ 17 ವರ್ಷ, ಇಬ್ಬರಿಗೂ ಇಷ್ಟ, ಕೂಡಿ ಓಡಿಹೋದರು ಎಂದರೂ ಕಾನೂನಿನಲ್ಲಿ ಆ ಒಪ್ಪಿಗೆಗೆ ಬೆಲೆಯಿಲ್ಲ. ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಮವಸ್ತ್ರವಿಲ್ಲದೆ ಪಡೆಯಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಕಲಿಸುವುದು ಹೇಗೆ

ಕಲಂಗಳ ಪಟ್ಟಿ ಓದಿಸಿದರೆ ಪ್ರಯೋಜನವಿಲ್ಲ. ಅದು ತುಂಗೆಯ ದಡದಲ್ಲಿ ಕೂತು ಈಜು ಕಲಿತ ಹಾಗೆ. ಗದರಿದಾಗ ನೆನಪಿಗೆ ಬರುವುದು ಬಾಯಲ್ಲಿ ಆಡಿ ರೂಢಿಯಾದ ಮಾತು ಮಾತ್ರ. ಒಂದು ಪಿರಿಯಡ್ ಸಾಕು. ಮೂವರ ಗುಂಪು ಮಾಡಿ: ಒಬ್ಬ ಪೊಲೀಸ್, ಒಬ್ಬ ವಿದ್ಯಾರ್ಥಿ, ಒಬ್ಬ ನೋಡುವವನು. ಮೊದಲ ಸುತ್ತಿನಲ್ಲಿ ಪೊಲೀಸ್ ಸಮಾಧಾನವಾಗಿ ಕೇಳಲಿ. ಎರಡನೆಯದರಲ್ಲಿ ಗದರಲಿ. ಮೂರನೆಯದರಲ್ಲಿ ಕಾಗದ ಮುಂದಿಟ್ಟು ಸೈನ್ ಹಾಕು ಎನ್ನಲಿ. ವಿದ್ಯಾರ್ಥಿ ಹೇಳಬೇಕಾದದ್ದು ನಾಲ್ಕು ಮಾತು: "ಸರ್, ನನ್ನ ಹೆಸರು ಇಂಥದ್ದು, ನನಗೆ 16 ವರ್ಷ." "ಅಪ್ಪನಿಗೆ ಫೋನ್ ಮಾಡ್ಬೇಕು." "ಅವ್ರು ಬಂದ್ಮೇಲೆ ಎಲ್ಲ ಹೇಳ್ತೀನಿ." "ಸೈನ್ ಹಾಕಲ್ಲ ಸರ್, ಅಪ್ಪ ಓದ್ಲಿ." ನೋಡುವವನು ಗಮನಿಸಬೇಕಾದದ್ದು ಧ್ವನಿ ಏರಿತೇ, ಸುಳ್ಳು ಹೇಳಿದನೇ, ಕೈ ಎಲ್ಲಿತ್ತು ಎಂಬುದನ್ನು. ಮೂರನೇ ಸುತ್ತಿನಲ್ಲಿ ಹೆಚ್ಚಿನ ಮಕ್ಕಳು ಸಹಿ ಹಾಕಿಬಿಡುತ್ತಾರೆ. ಬೈಯದೆ ಮತ್ತೊಮ್ಮೆ ಆಡಿಸಿ.

ಎರಡು ಫೋನ್ ನಂಬರ್ ಬಾಯಿಪಾಠ ಆಗಿರಲಿ. ಮೊಬೈಲ್ ಕೈತಪ್ಪಿದ ಮೇಲೆ ಅದರೊಳಗಿನ ನಂಬರ್ ಸಿಗದು. ಮನೆಯಲ್ಲಿ ನೆಟ್‌ವರ್ಕ್ ಬರುವುದು ಗುಡ್ಡದ ತುದಿಯಲ್ಲಿ ಮಾತ್ರ ಎನ್ನುವ ಊರಾದರೆ ಎರಡನೆಯದು ಪೇಟೆಯಲ್ಲಿರುವ ಚಿಕ್ಕಪ್ಪನದ್ದೋ ಅತ್ತೆಯದ್ದೋ ಇರಲಿ. ಹಾಸ್ಟೆಲ್ ವಾರ್ಡನ್‌ಗಳಿಗೂ ಇದೇ ತರಬೇತಿ ಬೇಕು, ರಾತ್ರಿ ಹತ್ತಕ್ಕೆ ಠಾಣೆಯಿಂದ ಕರೆ ಬರುವುದು ಅವರಿಗೇ.

ಪೊಲೀಸರನ್ನು ಶತ್ರುಗಳಂತೆ ತೋರಿಸಿ ಈ ಪಾಠ ಮಾಡಬಾರದು. ಗೆಳತಿ ಕಾಣೆಯಾದಾಗ 112ಕ್ಕೆ, ಖಾತೆಯಿಂದ ಹಣ ಹೋದಾಗ 1930ಕ್ಕೆ ಕರೆ ಮಾಡಬೇಕಾದವರೂ ಇದೇ ಮಕ್ಕಳು. ವಿದ್ಯಾರ್ಥಿಗಳನ್ನು ಠಾಣೆಗೆ ಕರೆಸಿ ಪರಿಚಯಿಸುವ "ತೆರೆದ ಮನೆ" ಎಂಬ ಕಾರ್ಯಕ್ರಮ ಕರ್ನಾಟಕ ಪೊಲೀಸರದ್ದೇ ಇದೆ. ಆ ದಿನ ಮಕ್ಕಳು ಬಂದೂಕು ನೋಡಿ ಬರುವುದಕ್ಕಿಂತ ಮಕ್ಕಳ ಕಲ್ಯಾಣ ಅಧಿಕಾರಿ ಯಾರು, ಮಕ್ಕಳನ್ನು ಕೂರಿಸುವ ಕೋಣೆ ಯಾವುದು ಎಂದು ಕೇಳಿ ಬರಲಿ.

ಪ್ರಕರಣ ಮುಗಿದ ಮೇಲೆ

ಹೆಸರು, ಫೋಟೊ, ಶಾಲೆ, ಊರು, ಮಗುವನ್ನು ಗುರುತಿಸಬಹುದಾದ ಯಾವುದನ್ನೂ ಪ್ರಕಟಿಸುವಂತಿಲ್ಲ. ಬಾಲ ನ್ಯಾಯ ಕಾಯ್ದೆಯ ಕಲಂ 74 ಪ್ರಕಾರ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಇವನೇ ಕಳ್ಳ" ಎಂದು ಫೋಟೊ ಹಂಚಿದವರೂ ಈ ಮಾತನ್ನು ಗಮನಿಸಬೇಕು.

ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ವಿಸ್ತರಿಸಿದರೆ ಇನ್ನೆರಡು ತಿಂಗಳಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆಗೊಳ್ಳುತ್ತದೆ. ತಪ್ಪು ಸಾಬೀತಾದರೂ ಮಂಡಳಿ ಎಚ್ಚರಿಕೆ, ಆಪ್ತಸಮಾಲೋಚನೆ, ಸಮುದಾಯ ಸೇವೆ, ಪರಿವೀಕ್ಷಣೆಯಂಥ ಆದೇಶ ಮಾಡಬಹುದು. ವಿಶೇಷ ಗೃಹಕ್ಕೆ ಕಳಿಸಿದರೂ ಮೂರು ವರ್ಷ ಮೀರುವಂತಿಲ್ಲ. ಕಲಂ 24 ಪ್ರಕಾರ ಆ ತೀರ್ಮಾನದಿಂದ ಮುಂದೆ ಕೆಲಸಕ್ಕಾಗಲಿ ಓದಿಗಾಗಲಿ ಅನರ್ಹತೆ ಬರುವುದಿಲ್ಲ. ನಡತೆ ಪ್ರಮಾಣಪತ್ರ ಕೊಡುವಾಗ ಪೊಲೀಸರು ಮುಗಿದ ಆ ಪ್ರಕರಣವನ್ನು ಬಹಿರಂಗಪಡಿಸುವಂತಿಲ್ಲ. ಅನರ್ಹತೆ ಇಲ್ಲ ಎಂಬ ರಕ್ಷಣೆ ಸಿಗದಿರುವುದು ಒಂದೇ ಬಗೆಯವರಿಗೆ: 16 ತುಂಬಿ, ಘೋರ ಅಪರಾಧದ ಆರೋಪದಲ್ಲಿ ಮಂಡಳಿಯ ಪ್ರಾಥಮಿಕ ಪರಿಶೀಲನೆಯ ನಂತರ ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವರಂತೆ ವಿಚಾರಣೆ ಎದುರಿಸಿ ತಪ್ಪಿತಸ್ಥರೆನಿಸಿದವರಿಗೆ. ಪರಿಶೀಲನೆಯ ಆ ಹಂತ ಮೂರು ತಿಂಗಳಲ್ಲಿ ಮುಗಿಯಬೇಕು. ಅಷ್ಟರೊಳಗೆ ಅನುಭವಿ ವಕೀಲರು ಜೊತೆಗಿರಲೇಬೇಕು.